ಅಪಾಯವಿಲ್ಲದ ಬಣ್ಣದ ಕಂಪನಿ

1909ರ ಜುಲೈ 30ರಂದು ಪ್ಯಾರಿಸ್‌ನಲ್ಲಿ ಒಂದು ಕಂಪನಿ ನೋಂದಣಿಯಾಯಿತು. ಅದರ ಹೆಸರು ಕೇಳಿದರೆ ಈಗ ನಗು ಬರುತ್ತದೆ: 'ಕೂದಲಿಗೆ ಹಚ್ಚುವ ಅಪಾಯವಿಲ್ಲದ ಬಣ್ಣಗಳ ಫ್ರೆಂಚ್ ಕಂಪನಿ'. ಬಂಡವಾಳ 800 ಫ್ರಾಂಕ್. ಮಾಲೀಕನ ವಯಸ್ಸು 28. ರೂ ದಾಲ್ಜೇರ್ ಅನ್ನೋ ಬೀದಿಯ ಎರಡು ಕೋಣೆಯ ಮನೆಯೇ ಆಫೀಸು, ಅದೇ ಫ್ಯಾಕ್ಟರಿ, ಅದೇ ಅಂಗಡಿ. ರಾತ್ರಿ ಕೂತು ಬಣ್ಣ ಕಲಸೋದು, ಬೆಳಗಾದ ಮೇಲೆ ಸಲೂನ್‌ನಿಂದ ಸಲೂನಿಗೆ ಹೋಗಿ ಮಾರೋದು.

ಆ ಕಂಪನಿಯನ್ನು ಈಗ ನಾವು ಲೋರಿಯಲ್ ಅಂತ ಕರೆಯುತ್ತೇವೆ. ಸೌಂದರ್ಯವರ್ಧಕಗಳ ವ್ಯಾಪಾರದಲ್ಲಿ ಅದಕ್ಕಿಂತ ದೊಡ್ಡ ಕಂಪನಿ ಜಗತ್ತಿನಲ್ಲಿಲ್ಲ. 2024ರಲ್ಲಿ ಅದರ ಮಾರಾಟ 4,300 ಕೋಟಿ ಯೂರೋ ದಾಟಿತ್ತು.

ನಾನೂ ತಲೆಗೆ ಡೈ ಹಚ್ಚೋಕೆ ಶುರು ಮಾಡಿ ಬಹಳ ಕಾಲವಾಯಿತು. ಹಾಗಾಗಿ ಈ ಕಂಪನಿಯ ಬಗ್ಗೆ ಓದೋಕೆ ಶುರು ಮಾಡಿದ್ದು ಸುಮ್ನೆ ಕುತೂಹಲಕ್ಕೆ. ಓದುತ್ತಾ ಹೋದ ಹಾಗೆ ಕೂದಲಿನ ವಿಷಯ ಹಿಂದೆ ಸರಿದು ಆ ಮನುಷ್ಯನೇ ಮುಂದೆ ಬಂದು ನಿಂತ. ಹೆಸರು ಯೂಜೀನ್ ಶ್ಯುಲೇರ್. ಎಲ್ಲದಕ್ಕೂ ಒಂದು ಫಾರ್ಮುಲಾ ಇರುತ್ತದೆ ಅಂತ ನಂಬಿದ್ದವನು. ಕೂದಲಿಗೆ ಒಂದು, ಸಂಬಳಕ್ಕೆ ಒಂದು, ದೇಶ ಆಳೋದಕ್ಕೆ ಇನ್ನೊಂದು. ಮೊದಲನೆಯದರಿಂದ ಕೋಟ್ಯಧೀಶನಾದ. ಕೊನೆಯದರಿಂದ ವಿಚಾರಣೆ ಎದುರಿಸಿದ.

ಶ್ಯುಲೇರ್ ಹುಟ್ಟಿದ್ದು 1881ರಲ್ಲಿ, ಪ್ಯಾರಿಸ್‌ನ ಶೆರ್ಶ್-ಮಿದಿ ಬೀದಿಯ ಒಂದು ಕೇಕ್ ಅಂಗಡಿಯವರ ಮನೆಯಲ್ಲಿ. ಅಪ್ಪನದು ಜರ್ಮನಿಯ ಗಡಿಯಲ್ಲಿರೋ ಅಲ್ಸಾಸ್ ಪ್ರಾಂತ್ಯದ ಮೂಲ. ಅಪ್ಪ ಅಮ್ಮ ದುಡಿದು ಕೂಡಿಟ್ಟಿದ್ದ ದುಡ್ಡು ಪನಾಮಾ ಕಾಲುವೆ ಕಂಪನಿಯ ಜೊತೆಗೇ ಮುಳುಗಿತು. ಆ ಕಾಲದಲ್ಲಿ ಫ್ರಾನ್ಸಿನ ಸಣ್ಣ ಪುಟ್ಟ ಕುಟುಂಬಗಳು ಎಷ್ಟೋ ಹೀಗೆ ಕೈ ಸುಟ್ಟುಕೊಂಡವು. ಹುಡುಗ ಬೆಳಗಿನ ಜಾವ ಬೇಕರಿ ಕೆಲಸಕ್ಕೆ ಕೈ ಜೋಡಿಸಿ ಆಮೇಲೆ ಶಾಲೆಗೆ ಹೋಗುತ್ತಿದ್ದ. ಬೇಗ ಏಳೋ ಅಭ್ಯಾಸ ಕೊನೆವರೆಗೂ ಹೋಗಲಿಲ್ಲ. ದೊಡ್ಡವನಾದ ಮೇಲೆ ಅವನಿಗೆ 'ಆರು ಸಾವಿರ ಗಂಟೆಯ ಮನುಷ್ಯ' ಅಂತ ಅಡ್ಡಹೆಸರು ಬಿತ್ತು. ವರ್ಷಕ್ಕೆ ಅಷ್ಟು ಗಂಟೆ ಕೆಲಸ ಮಾಡುತ್ತಾನಂತೆ. ಲೆಕ್ಕ ಹಾಕಿ ನೋಡಿ, ದಿನಕ್ಕೆ 16 ಗಂಟೆಗೂ ಮೇಲೆ, ಭಾನುವಾರವೂ ಸೇರಿ. ನನಗೇನೋ ನಂಬಿಕೆ ಬರಲಿಲ್ಲ. ಇಂಥ ಅಡ್ಡಹೆಸರು ಇಷ್ಟಪಡೋ ಮಾಲೀಕನ ಕೈಕೆಳಗೆ ಕೆಲಸ ಮಾಡೋರ ಪಾಡು ಮಾತ್ರ ಚೆನ್ನಾಗಿ ಊಹಿಸಬಲ್ಲೆ.

ರಸಾಯನಶಾಸ್ತ್ರ ಓದಿ 1904ರಲ್ಲಿ ಪಾಸಾದ. ಪ್ಯಾರಿಸ್‌ನ ಸೊರ್ಬೊನ್ ಯೂನಿವರ್ಸಿಟಿಯಲ್ಲಿ ವಿಕ್ಟರ್ ಓಜೇ ಅನ್ನೋ ಪ್ರೊಫೆಸರ ಹತ್ತಿರ ಲ್ಯಾಬ್ ಸಹಾಯಕನಾಗಿ ಸೇರಿದ. ಅಲ್ಲಿಗೆ ಒಂದು ದಿನ ಒಬ್ಬ ಕ್ಷೌರಿಕ ಬಂದ. ಕೂದಲಿಗೆ ಒಳ್ಳೆಯ ಕೃತಕ ಬಣ್ಣ ಬೇಕು, ಕಂಡುಹಿಡಿಯೋಕೆ ಒಬ್ಬ ಕೆಮಿಸ್ಟ್ ಬೇಕು, ತಿಂಗಳಿಗೆ 50 ಫ್ರಾಂಕ್ ಕೊಡುತ್ತೇನೆ ಅಂದ. ಯೂನಿವರ್ಸಿಟಿಯ ಕೆಮಿಸ್ಟ್ ಅಂಥ ಕೆಲಸ ಒಪ್ಪಿಕೊಳ್ಳೋದು ಆಗ ಮರ್ಯಾದೆಯ ವಿಷಯವಾಗಿರಲಿಲ್ಲ. ಶ್ಯುಲೇರ್ ಒಪ್ಪಿಕೊಂಡ. ಆ ಕ್ಷೌರಿಕನ ಜೊತೆ ಹೆಚ್ಚು ದಿನ ಹೊಂದಿಕೊಳ್ಳಲಿಲ್ಲ. ಆದರೆ ತಲೆಗೆ ಹೊಕ್ಕ ಹುಳ ಹೋಗಲಿಲ್ಲ. 1907ರ ಹೊತ್ತಿಗೆ ಅವನದೇ ಒಂದು ಬಣ್ಣ ಸಿದ್ಧವಾಯಿತು. ಅದಕ್ಕೆ ಇಟ್ಟ ಹೆಸರು 'ಓರಿಯಾಲ್'. ಮುಂದೆ ಕಂಪನಿಯ ಹೆಸರೂ ಅಲ್ಲಿಂದಲೇ ಬಂತು.

'ಅಪಾಯವಿಲ್ಲದ' ಅಂತ ಬೋರ್ಡಿನಲ್ಲೇ ಬರೆಸಬೇಕಾಗಿ ಬಂದದ್ದಕ್ಕೆ ಕಾರಣ ಇದೆ. ಆಗ ಸಿಗುತ್ತಿದ್ದ ಡೈಗಳಲ್ಲಿ ಸೀಸ ಇರುತ್ತಿತ್ತು, ಬೆಳ್ಳಿಯ ಲವಣ ಇರುತ್ತಿತ್ತು. ಅವು ಕೂದಲಿನ ಮೇಲೆ ಲೋಹದ ಪದರದ ಹಾಗೆ ಕೂರುತ್ತಿದ್ದವು. ಬಿಸಿಲಿಗೆ ವಿಚಿತ್ರವಾಗಿ ಹೊಳೆಯುತ್ತಿದ್ದವು, ಚರ್ಮ ಸುಡುತ್ತಿದ್ದವು. ಹತ್ತು ಹೆಜ್ಜೆ ದೂರದಿಂದಲೇ ಡೈ ಅಂತ ಗೊತ್ತಾಗುತ್ತಿತ್ತು. ಮರ್ಯಾದಸ್ಥ ಮನೆಯ ಹೆಂಗಸರು ಆ ಕಡೆ ತಲೆ ಹಾಕುತ್ತಿರಲಿಲ್ಲ, ಹಾಕಿದರೂ ಗುಟ್ಟಾಗಿ.

ಇಲ್ಲಿ ಸ್ವಲ್ಪ ಕೆಮಿಸ್ಟ್ರಿ ಹೇಳಲೇಬೇಕು. ಇಷ್ಟು ವರ್ಷ ತಲೆಗೆ ಹಚ್ಚಿಕೊಂಡರೂ ನಾನು ಇದನ್ನ ಯೋಚಿಸಿಯೇ ಇರಲಿಲ್ಲ. ಕ್ರೀಮ್ ಡೈ ಕಲಸೋವಾಗ ಗಮನಿಸಿ ನೋಡಿ. ಎರಡು ಟ್ಯೂಬ್ ಬೆರೆಸಿದ ಕೂಡಲೇ ಅದು ಬಿಳಿಯಾಗಿಯೋ ಕೆನೆಬಣ್ಣವಾಗಿಯೋ ಇರುತ್ತದೆ. ಬಟ್ಟಲಿನಲ್ಲೇ ನೋಡನೋಡುತ್ತಾ ಕಂದಾಗುತ್ತದೆ, ಆಮೇಲೆ ಕಪ್ಪಾಗುತ್ತದೆ. ಅಂದರೆ ನಾವು ತಲೆಗೆ ಹಚ್ಚೋದು ಬಣ್ಣವೇ ಅಲ್ಲ, ಮುಂದೆ ಬಣ್ಣವಾಗೋ ಸಾಮಾನು. ಅದರಲ್ಲಿ ಮುಖ್ಯವಾದದ್ದು ಪ್ಯಾರಾ-ಫೆನಿಲೀನ್ ಡೈಅಮೀನ್, ಬಾಯಿಮಾತಿನಲ್ಲಿ ಪಿಪಿಡಿ. ಅದರ ಅಣು ತೀರಾ ಚಿಕ್ಕದು. ಅಮೋನಿಯಾ ತಗುಲಿದಾಗ ಕೂದಲು ಉಬ್ಬಿ ಅದರ ಮೇಲಿನ ಸಿಪ್ಪೆ ಸಡಿಲವಾಗುತ್ತದೆ. ಆ ಸಂದಿಯಲ್ಲಿ ಚಿಕ್ಕ ಅಣು ಒಳಗೆ ನುಸುಳುತ್ತದೆ. ಒಳಗೆ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿ, ಪಕ್ಕದ ಅಣುಗಳ ಜೊತೆ ಕೈ ಹಿಡಿದು, ದೊಡ್ಡ ಬಣ್ಣದ ಅಣುವಾಗುತ್ತದೆ. ಒಳಗೆ ಹೋಗೋವಾಗ ಚಿಕ್ಕದು, ಹೊರಗೆ ಬರೋಣ ಅಂದರೆ ದೊಡ್ಡದಾಗಿಬಿಟ್ಟಿರುತ್ತದೆ. ಅದಕ್ಕೇ ಎಷ್ಟು ಶಾಂಪೂ ಹಾಕಿದರೂ ಬಣ್ಣ ಪೂರ್ತಿ ಹೋಗೋದಿಲ್ಲ.

ಪಿಪಿಡಿಯ ಈ ಗುಣವನ್ನ ಜರ್ಮನಿಯ ಹೋಫ್‌ಮನ್ 1863ರಲ್ಲೇ ಗುರುತಿಸಿದ್ದ. 1883ರಲ್ಲಿ ಫ್ರಾನ್ಸಿನಲ್ಲಿ ಅದಕ್ಕೆ ಪೇಟೆಂಟ್ ಕೂಡ ಆಗಿತ್ತು. ಮೊದಮೊದಲು ಅದನ್ನ ಬಳಸಿದ್ದು ಪ್ರಾಣಿಗಳ ತುಪ್ಪಳಕ್ಕೆ ಬಣ್ಣ ಹಾಕೋಕೆ. ಶ್ಯುಲೇರ್ ಕಂಪನಿ 1929ರಲ್ಲಿ ತಂದ 'ಇಮೇದಿಯಾ' ಈ ದಾರಿಯ ಡೈ. ಬೇಗ ಹಿಡಿಯುತ್ತಿತ್ತು, ಕೂದಲಿನ ಒಳಗೇ ಇಳಿಯುತ್ತಿತ್ತು, ನೋಡೋಕೂ ಸಹಜವಾಗಿತ್ತು. ನೂರು ವರ್ಷ ಹತ್ತಿರ ಬಂತು, ಕಪ್ಪು ಡೈ ಅಂದರೆ ಈಗಲೂ ಬಹುಪಾಲು ಇದೇ ಕೆಮಿಸ್ಟ್ರಿ.

ಅಪಾಯ? ನಮ್ಮ ಸೋದರತ್ತೆಯನ್ನ ಕೇಳಬೇಕು. ಮಗಳ ಮದುವೆಗೆ ಎರಡು ದಿನ ಇರೋವಾಗ ಪಕ್ಕದ ಪಾರ್ಲರಿನಲ್ಲಿ ಡೈ ಹಾಕಿಸಿಕೊಂಡು ಬಂದರು. ರಾತ್ರಿ ನೆತ್ತಿ ಕಡಿಯೋಕೆ ಶುರುವಾಯಿತು. ಬೆಳಿಗ್ಗೆ ಏಳೋ ಹೊತ್ತಿಗೆ ರೆಪ್ಪೆ ಊದಿಕೊಂಡು ಕಣ್ಣು ಬಿಡೋಕೇ ಆಗುತ್ತಿರಲಿಲ್ಲ. ಕಿವಿಯ ಹಿಂದೆ ನೀರು ಒಸರುತ್ತಿತ್ತು. ಧಾರೆ ಫೋಟೋದಲ್ಲಿ ಅತ್ತೆ ಸೆರಗು ಮುಂದಕ್ಕೆ ಎಳೆದುಕೊಂಡೇ ನಿಂತಿದ್ದಾರೆ. ಡಾಕ್ಟರು ಹೇಳಿದ್ದು ಒಂದೇ ಮಾತು: ಪಿಪಿಡಿ ಅಲರ್ಜಿ, ಇನ್ನು ಮುಂದೆ ಕಪ್ಪು ಡೈ ಹತ್ತಿರ ಸುಳಿಯಬೇಡಿ. 48 ಗಂಟೆ ಮುಂಚೆ ಕಿವಿಯ ಹಿಂದೆ ಒಂದು ಚೂರು ಹಚ್ಚಿ ನೋಡಿ ಅಂತ ಡಬ್ಬದ ಮೇಲೆ ಬರೆದಿರುತ್ತಾರಲ್ಲ, ಅದನ್ನ ಮಾಡೋರು ಯಾರು? ನಾನಂತೂ ಅತ್ತೆಯ ಮುಖ ನೋಡಿದ ಮೇಲೆ ಮಾಡುತ್ತೇನೆ. ಮೊದಲು ಎಷ್ಟೋ ವರ್ಷ ಏನೂ ಆಗದೆ ಇದ್ದವರಿಗೂ ಒಂದು ದಿನ ಇದ್ದಕ್ಕಿದ್ದಂತೆ ಅಲರ್ಜಿ ಶುರುವಾಗಬಹುದು.

ಶ್ಯುಲೇರ್ ಗೆದ್ದದ್ದು ಬರೀ ಕೆಮಿಸ್ಟ್ರಿಯಿಂದ ಅಂತ ನನಗೆ ಅನಿಸೋದಿಲ್ಲ. ಡೈ ಕೊಳ್ಳೋ ಹೆಂಗಸು ಯಾರ ಮಾತು ಕೇಳುತ್ತಾಳೆ ಅನ್ನೋದು ಅವನಿಗೆ ಅರ್ಥವಾಗಿತ್ತು. ಅವಳು ಕೇಳೋದು ತಲೆ ಬಾಚೋನ ಮಾತು. ಹಾಗಾಗಿ ಅವನು ಹಿಡಿದದ್ದು ಕ್ಷೌರಿಕರನ್ನ. 1909ರಲ್ಲೇ ಕ್ಷೌರಿಕರಿಗೆ ಅಂತಲೇ ಒಂದು ಪತ್ರಿಕೆ ಶುರು ಮಾಡಿಸಿ ತಾನೂ ಅದರಲ್ಲಿ ಬರೆದ. ಎರಡು ಮೂರು ವರ್ಷದಲ್ಲಿ ಇಟಲಿ, ಆಸ್ಟ್ರಿಯಾ, ಹಾಲೆಂಡಿಗೂ ಸರಕು ಹೋಗೋಕೆ ಶುರುವಾಯಿತು. ಮೊದಲ ಮಹಾಯುದ್ಧದಲ್ಲಿ ಅವನು ಫಿರಂಗಿ ದಳದಲ್ಲಿದ್ದಾಗ ಕಂಪನಿ ನಡೆಸಿದ್ದು ಹೆಂಡತಿ. ಆಕೆಯ ಬಗ್ಗೆ ಕಂಪನಿಯ ಕಥೆಗಳಲ್ಲಿ ಸಿಗೋದು ಒಂದೆರಡು ಸಾಲು ಅಷ್ಟೇ. ನಾಲ್ಕು ವರ್ಷ ವ್ಯಾಪಾರ ಕಾಪಾಡಿದ ಹೆಂಗಸು. 1927ರಲ್ಲಿ ತೀರಿಕೊಂಡಳು. ಮಗಳು ಲಿಲಿಯಾನ್‌ಗೆ ಆಗ ಐದು ವರ್ಷ.

ಯುದ್ಧ ಮುಗಿದ ಮೇಲೆ ಹೆಂಗಸರು ಕೂದಲು ಕತ್ತರಿಸಿಕೊಳ್ಳೋಕೆ ಶುರು ಮಾಡಿದರು. ಗಿಡ್ಡ ಕೂದಲು ಫ್ಯಾಷನ್ ಆಯಿತು. ಗಿಡ್ಡ ಕೂದಲಿಗೆ ಮೇಲಿಂದ ಮೇಲೆ ಸಲೂನಿಗೆ ಹೋಗಬೇಕು, ಅದಕ್ಕೆ ಬಣ್ಣ ಹಚ್ಚೋದೂ ಸಲೀಸು. ವ್ಯಾಪಾರ ಏರಿತು.

ಆಮೇಲೆ ಅವನು ಸುಮ್ಮನೆ ಕೂರಲಿಲ್ಲ. 1928ರಲ್ಲಿ ಮೊನ್‌ಸಾವೊ ಅನ್ನೋ ಸೋಪಿನ ಕಂಪನಿ ಕೊಂಡ. 1934ರಲ್ಲಿ ದೊಪ್ ಶಾಂಪೂ ತಂದ. ಅಲ್ಲಿಯವರೆಗೆ ಸಾಮಾನ್ಯ ಜನ ತಲೆಗೂ ಮೈಯ ಸೋಪನ್ನೇ ಹಾಕುತ್ತಿದ್ದರು. ಶಾಂಪೂ ಅಂದರೆ ಏನು ಅಂತ ಊರಿಗೆಲ್ಲ ಕಲಿಸಬೇಕಿತ್ತು. ಅದಕ್ಕೆ ರೇಡಿಯೋದಲ್ಲಿ ಹಾಡು ಹಾಕಿಸಿದ. ಮಕ್ಕಳಿಗೆ ಕೂದಲಿನ ಸ್ಪರ್ಧೆ ಇಟ್ಟ. 1950ರ ದಶಕದಲ್ಲಿ ದೊಪ್ ಒಂದು ಸಲಕ್ಕೆ ಸಾಕಾಗೋ ಪುಟ್ಟ ಪ್ಲಾಸ್ಟಿಕ್ ಪೊಟ್ಟಣದಲ್ಲೂ ಬಂತು. ನಮ್ಮ ಕಿರಾಣಿ ಅಂಗಡಿಗಳಲ್ಲಿ ಮಾಲೆ ಮಾಲೆಯಾಗಿ ತೂಗಾಡೋ ಶಾಂಪೂ ಸ್ಯಾಶೆ ನೋಡಿ ಬೆಳೆದ ನನಗೆ, ಅದೇ ಯೋಚನೆ ಅಷ್ಟು ಹಿಂದೆ ಪ್ಯಾರಿಸ್‌ನಲ್ಲೂ ಹೊಳೆದಿತ್ತು ಅನ್ನೋದು ಮಜಾ ಅನಿಸಿತು.

1935ರಲ್ಲಿ ಬಂದದ್ದು ಆಂಬ್ರ್ ಸೊಲೇರ್. ಬಿಸಿಲಿಗೆ ಮೈ ಒಡ್ಡೋವಾಗ ಹಚ್ಚಿಕೊಳ್ಳೋ ಎಣ್ಣೆ. ಬಿಸಿಲಿನ ಸುಡುವ ಕಿರಣ ತಡೆಯೋಕೆ ಅದರಲ್ಲಿ ಬೆಂಜಿಲ್ ಸ್ಯಾಲಿಸಿಲೇಟ್ ಇತ್ತು. ಆದರೆ ಸಮುದ್ರ ತೀರಕ್ಕೆ ಹೋಗಿ ಬಿಸಿಲು ಕಾಯಿಸಿಕೊಳ್ಳೋದು ಯಾರು? ಆಗ ಅದು ದುಡ್ಡಿದ್ದವರ ಶೋಕಿ. ಮರುವರ್ಷ, 1936ರ ಜೂನ್‌ನಲ್ಲಿ, ಫ್ರಾನ್ಸಿನಲ್ಲಿ ಎಡಪಕ್ಷಗಳ ಪಾಪ್ಯುಲರ್ ಫ್ರಂಟ್ ಸರ್ಕಾರ ಒಂದು ಕಾನೂನು ತಂದಿತು: ಪ್ರತಿ ಕಾರ್ಮಿಕನಿಗೂ ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆ. ಲಕ್ಷಾಂತರ ಜನ ಜೀವನದಲ್ಲಿ ಮೊದಲ ಸಲ ರೈಲು ಹತ್ತಿ, ಸೈಕಲ್ ತುಳಿದು ಸಮುದ್ರ ನೋಡೋಕೆ ಹೋದರು. ಆಂಬ್ರ್ ಸೊಲೇರ್‌ಗೆ ಗಿರಾಕಿಗಳನ್ನ ಕೊಟ್ಟದ್ದು ಆ ಸರ್ಕಾರ.

ಅದೇ ಸರ್ಕಾರವನ್ನ ಕಂಡರೆ ಮೈ ಉರಿಯುತ್ತಿದ್ದ ಗುಂಪಿಗೆ ಶ್ಯುಲೇರ್ ದುಡ್ಡು ಕೊಟ್ಟ.

ಗುಂಪಿನ ಹೆಸರು ಜನರ ಬಾಯಲ್ಲಿ ಕಗೂಲ್, ಅಂದರೆ ಮುಸುಕು. ಮುಖಂಡ ಯೂಜೀನ್ ದಲೋಂಕ್ಲ್, ಒಬ್ಬ ನೌಕಾ ಎಂಜಿನಿಯರ್. ಗಣರಾಜ್ಯವನ್ನ ಉರುಳಿಸಿ ಸರ್ವಾಧಿಕಾರ ತರಬೇಕು ಅನ್ನೋದು ಗುರಿ. ಆಯುಧ ಕೂಡಿಟ್ಟರು. 1937ರ ಜೂನ್‌ನಲ್ಲಿ ಮುಸೊಲಿನಿಯ ವಿರೋಧಿಗಳಾದ ರೊಸ್ಸೆಲ್ಲಿ ಸೋದರರನ್ನ ಫ್ರಾನ್ಸಿನಲ್ಲಿ ಕೊಂದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪ್ಯಾರಿಸ್‌ನ ಮಾಲೀಕರ ಸಂಘದ ಕಟ್ಟಡಗಳಿಗೆ ಬಾಂಬ್ ಇಟ್ಟು, ಕಮ್ಯುನಿಸ್ಟರ ಮೇಲೆ ಹಾಕೋಕೆ ನೋಡಿದರು. ನವೆಂಬರಿನಲ್ಲಿ ಪೊಲೀಸರು ಸಂಚು ಬಯಲು ಮಾಡಿದರು.

ಸೋಪು ಶಾಂಪೂ ಮಾರೋನಿಗೆ ಇದೆಲ್ಲ ಯಾಕೆ ಬೇಕಿತ್ತು? ದುರಾಸೆ ಅಂದರೆ ಸುಲಭದ ಉತ್ತರವಾಗುತ್ತದೆ. ನನಗೆ ಕಾಣೋದು ಬೇರೆ. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಶ್ಯುಲೇರ್ ಸಂಬಳದ ಬಗ್ಗೆ ತಲೆ ಕೆಡಿಸಿಕೊಂಡಿದ್ದ. ಅವನದೊಂದು ಸಿದ್ಧಾಂತ ಇತ್ತು. ದುಡಿದ ಗಂಟೆಗೆ ಒಂದು ಸಂಬಳ, ಕಂಪನಿಯ ವ್ಯಾಪಾರ ಏರಿದ ಹಾಗೆ ಅದರ ಪಾಲಾಗಿ ಎರಡನೇ ಸಂಬಳ. ಮಕ್ಕಳಿದ್ದವರಿಗೆ ಇನ್ನೂ ಜಾಸ್ತಿ. ತನ್ನ ಕಾರ್ಖಾನೆಗಳಲ್ಲಿ ಪ್ರಯೋಗವನ್ನೂ ಮಾಡಿದ. ಯುದ್ಧದ ನಂತರ ಇನ್ನೊಂದು ಹಿಡಿದ: ಎಲ್ಲ ತೆರಿಗೆ ತೆಗೆದುಹಾಕಿ, ಇಂಧನದ ಮೇಲೆ ಒಂದೇ ತೆರಿಗೆ ಹಾಕಿ ಅಂತ. ಯೋಚನೆಗಳು ಪೂರ್ತಿ ಹುಚ್ಚು ಅಂತ ಹೇಳೋ ಹಾಗಿಲ್ಲ. ಕಷ್ಟ ಏನಂದರೆ, ಇಂಥ ಫಾರ್ಮುಲಾ ಜಾರಿಗೆ ಬರಬೇಕು ಅಂದರೆ ಪಾರ್ಲಿಮೆಂಟಿನಲ್ಲಿ ವಾದ ಮಾಡಬೇಕು, ನಾಲ್ಕು ಜನರನ್ನ ಒಪ್ಪಿಸಬೇಕು, ಅರ್ಧ ಬಿಟ್ಟುಕೊಡಬೇಕು. ಲ್ಯಾಬಿನಲ್ಲಿ ಹಾಗಿಲ್ಲ ಅಲ್ವಾ? ಅಳತೆ ಸರಿಯಿದ್ದರೆ ಬಣ್ಣ ಬಂದೇ ಬರುತ್ತದೆ, ಓಟು ಕೇಳೋರು ಯಾರೂ ಇಲ್ಲ. ಎದುರು ಮಾತಾಡೋರೇ ಇಲ್ಲದ ದೇಶ ಬೇಕು ಅಂತ ಅವನಿಗೆ ಅನಿಸಿರಬೇಕು. ಅಂಥ ದೇಶ ಮಾಡಿಕೊಡುತ್ತೇವೆ ಅನ್ನೋರು ಆಗ ಯೂರೋಪಿನ ತುಂಬಾ ಇದ್ದರು.

1940ರಲ್ಲಿ ಜರ್ಮನರು ಪ್ಯಾರಿಸ್ ಹಿಡಿದರು. ದಲೋಂಕ್ಲ್ ಹೊಸ ಹೆಸರಿನಲ್ಲಿ ಪಕ್ಷ ಕಟ್ಟಿದ. ಅದರ ಸಭೆಗಳು ನಡೆದದ್ದು ರೂ ರೊಯಾಲ್‌ನ 14ನೇ ನಂಬರಿನಲ್ಲಿ. ಅದು ಲೋರಿಯಲ್‌ನ ಕಚೇರಿ. ಈಗಲೂ ಕಂಪನಿಯ ನೋಂದಾಯಿತ ವಿಳಾಸ ಅದೇ. ಪಕ್ಷದ ಆರ್ಥಿಕ ವಿಷಯಗಳ ಜವಾಬ್ದಾರಿ ಶ್ಯುಲೇರ್‌ನದು. 1941ರ ಅಕ್ಟೋಬರ್ 2ರ ರಾತ್ರಿ ಆ ಪಕ್ಷದ ಜನ ಹಿಟ್ಲರನ ಎಸ್‌ಎಸ್ ಪಡೆ ಕೊಟ್ಟ ಸ್ಫೋಟಕ ಬಳಸಿ ಪ್ಯಾರಿಸ್‌ನ ಹಲವು ಸಿನಗಾಗ್‌ಗಳಿಗೆ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಗಳಿಗೆ, ಬಾಂಬ್ ಇಟ್ಟರು. ಶ್ಯುಲೇರ್ ಬಾಂಬ್ ಇಟ್ಟವನಲ್ಲ. ದುಡ್ಡು ಕೊಟ್ಟವನು, ಕೂರೋಕೆ ಜಾಗ ಕೊಟ್ಟವನು.

ಯುದ್ಧ ಮುಗಿದ ಮೇಲೆ ವಿಚಾರಣೆ ನಡೆಯಿತು. ಯುದ್ಧದ ಕೊನೆಗೆ ಅವನು ಜರ್ಮನರ ವಿರುದ್ಧ ಹೋರಾಡಿದ ಪ್ರತಿರೋಧ ಚಳವಳಿಯವರಿಗೂ ನೆರವಾಗಿದ್ದ, ಕೆಲವು ಯಹೂದಿಗಳನ್ನ ಕಾಪಾಡಿದ್ದ ಅಂತ ಸಾಕ್ಷಿ ಹೇಳೋರು ಬಂದರು. ಶಿಕ್ಷೆಯಾಗಲಿಲ್ಲ. 1957ರಲ್ಲಿ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಸಮುದ್ರ ತೀರದ ಮನೆಯಲ್ಲಿ ತೀರಿಕೊಂಡ.

ಕಂಪನಿ ಯಾರ ಕೈಗೆ ಹೋಯಿತು ನೋಡಿ. ಮೂರು ಜನ ಗೆಳೆಯರಿದ್ದರು. ಯುವಕರಾಗಿದ್ದಾಗ ಪ್ಯಾರಿಸ್‌ನ ವೋಜಿರಾರ್ ಬೀದಿಯ 104ನೇ ನಂಬರಿನ ಕ್ಯಾಥೊಲಿಕ್ ಹಾಸ್ಟೆಲಿನಲ್ಲಿ ಪರಿಚಯ. ಒಬ್ಬ ಫ್ರಾನ್ಸ್ವಾ ದಾಲ್, ಶ್ಯುಲೇರ್ ಸತ್ತ ಮೇಲೆ ಲೋರಿಯಲ್ ಮುಖ್ಯಸ್ಥನಾಗಿ 1984ರವರೆಗೂ ನಡೆಸಿದ. ಇನ್ನೊಬ್ಬ ಆಂದ್ರೆ ಬೆತಾಂಕೂರ್, 1950ರಲ್ಲಿ ಲಿಲಿಯಾನ್‌ಳನ್ನ ಮದುವೆಯಾದ, ಮುಂದೆ ಮಂತ್ರಿಯೂ ಆದ. ಮೂರನೆಯವನು ಯುದ್ಧ ಮುಗಿದ ಹೊಸತರಲ್ಲಿ ಕೆಲಸ ಬೇಕಾಗಿ, ಶ್ಯುಲೇರ್‌ನ ಸೌಂದರ್ಯ ಪತ್ರಿಕೆಯಲ್ಲಿ ಸ್ವಲ್ಪ ಕಾಲ ಸಂಪಾದಕನಾಗಿದ್ದ. ಅವನ ಹೆಸರು ಫ್ರಾನ್ಸ್ವಾ ಮಿತೆರಾಂ. 1981ರಲ್ಲಿ ಫ್ರಾನ್ಸಿನ ಅಧ್ಯಕ್ಷನಾದ. ನಮ್ಮಲ್ಲೂ ಹಾಸ್ಟೆಲ್ ಗೆಳೆತನದ ಮಹಿಮೆ ಗೊತ್ತಿಲ್ಲದವರಿಲ್ಲ. ಆದರೂ ಇಷ್ಟು ಫಲ ಕೊಟ್ಟ ಹಾಸ್ಟೆಲ್ ಅಪರೂಪ.

ಹಳೆಯದು ಅಷ್ಟಕ್ಕೇ ಮುಗಿಯಲಿಲ್ಲ. ದಲೋಂಕ್ಲ್‌ನ ಬಲಗೈಯಾಗಿದ್ದ ಜಾಕ್ ಕೊರೇಜ್‌ಗೆ ಯುದ್ಧದ ನಂತರ ಹತ್ತು ವರ್ಷ ಶಿಕ್ಷೆಯಾಗಿತ್ತು, ಪೂರ್ತಿ ಅನುಭವಿಸಲಿಲ್ಲ. ಹೊರಗೆ ಬಂದವನಿಗೆ ಲೋರಿಯಲ್ ಕೆಲಸ ಕೊಟ್ಟಿತು. ಕೊನೆಗೆ ಅಮೆರಿಕದಲ್ಲಿ ಅವರ ವ್ಯಾಪಾರದ ಮುಖ್ಯಸ್ಥನಾದ. ಯಹೂದಿ ಮಹಿಳೆ ಹೆಲೆನಾ ರುಬಿನ್‌ಸ್ಟೈನ್ ಕಟ್ಟಿದ ಕಂಪನಿಯನ್ನ ಲೋರಿಯಲ್ 1980ರ ದಶಕದಲ್ಲಿ ಕೊಂಡಿತು. ಆಗ ಅಮೆರಿಕದ ವ್ಯವಹಾರ ನೋಡಿಕೊಳ್ಳುತ್ತಿದ್ದದ್ದು, ಆಕ್ರಮಿತ ಪ್ಯಾರಿಸ್‌ನಲ್ಲಿ ಯಹೂದಿಗಳ ಆಸ್ತಿ ಕಿತ್ತುಕೊಳ್ಳೋದರಲ್ಲಿ ಭಾಗಿಯಾಗಿದ್ದ ಈ ಮನುಷ್ಯ. ಝಾಂ ಫ್ರಿಡ್‌ಮನ್ ಅನ್ನೋ ಉದ್ಯಮಿ ಲೋರಿಯಲ್ ಜೊತೆ ಜಗಳಕ್ಕೆ ಬಿದ್ದು ಈ ಹಳೆಯ ಕಡತಗಳನ್ನೆಲ್ಲ ಹೊರಗೆಳೆದ. ಕೊರೇಜ್ 1991ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟ, ಆ ತಿಂಗಳಲ್ಲೇ ಸತ್ತ. ಆಂದ್ರೆ ಬೆತಾಂಕೂರ್ ಯುದ್ಧಕಾಲದಲ್ಲಿ ಯಹೂದಿಗಳ ವಿರುದ್ಧ ಬರೆದ ಲೇಖನಗಳೂ 1990ರ ದಶಕದಲ್ಲಿ ಬೆಳಕಿಗೆ ಬಂದವು. ಅವನು ಮುಂದೆ ಪ್ರತಿರೋಧ ಚಳವಳಿ ಸೇರಿದ್ದ, ಬರೆದದ್ದಕ್ಕೆ ವಿಷಾದವನ್ನೂ ಹೇಳಿದ.

ದಾಲ್ ಕಾಲದಲ್ಲಿ ಕಂಪನಿ ಬೆಳೆದ ರೀತಿ ವ್ಯಾಪಾರದ ಪುಟದಲ್ಲಿ ಓದೋಕೆ ಚೆನ್ನ. 1963ರಲ್ಲಿ ಷೇರು ಮಾರುಕಟ್ಟೆಗೆ ಬಂತು, 1964ರಲ್ಲಿ ಲಾಂಕೋಮ್, 1965ರಲ್ಲಿ ಗಾರ್ನಿಯೇ ಕಂಪನಿಗಳನ್ನ ಕೊಂಡಿತು. 1974ರಲ್ಲಿ ಮಾತ್ರ ಒಂದು ಸ್ವಾರಸ್ಯ ನಡೆಯಿತು. ಎಡಪಕ್ಷಗಳು ಗೆದ್ದರೆ ದೊಡ್ಡ ಕಂಪನಿಗಳನ್ನ ರಾಷ್ಟ್ರೀಕರಣ ಮಾಡಬಹುದು ಅನ್ನೋ ಭಯ ಇತ್ತು. ಲಿಲಿಯಾನ್ ತನ್ನ ಷೇರಿನಲ್ಲಿ ಹತ್ತಿರ ಹತ್ತಿರ ಅರ್ಧವನ್ನ ಸ್ವಿಸ್ ಕಂಪನಿ ನೆಸ್ಲೆಗೆ ಕೊಟ್ಟು, ಬದಲಿಗೆ ನೆಸ್ಲೆ ಷೇರು ತಗೊಂಡಳು. ವಿದೇಶಿ ಪಾಲುದಾರ ಇದ್ದರೆ ಸರ್ಕಾರ ಕೈ ಹಾಕೋದು ಕಷ್ಟ ಅನ್ನೋ ಲೆಕ್ಕ. ಆ ವರ್ಷ ಎಡಪಕ್ಷಗಳ ಅಭ್ಯರ್ಥಿಯಾಗಿ ನಿಂತಿದ್ದವನು ಗಂಡನ ಹಳೆಯ ಗೆಳೆಯ ಮಿತೆರಾಂ. ಗೆಳೆತನ ಬೇರೆ, ಆಸ್ತಿ ಬೇರೆ.

ಅದೇ ಸುಮಾರಿಗೆ ಅಮೆರಿಕದಲ್ಲಿ ಒಂದು ವಾಕ್ಯ ಹುಟ್ಟಿತು. ಅಲ್ಲಿ ಕ್ಲೈರೋಲ್ ಅನ್ನೋ ಕಂಪನಿಯ ಡೈ ರಾಜನ ಹಾಗೆ ಕೂತಿತ್ತು. ಅವರ ಜಾಹೀರಾತಿನ ಧಾಟಿ: ಇವಳು ಬಣ್ಣ ಹಾಕಿದ್ದಾಳೋ ಇಲ್ಲವೋ, ಅವಳ ತಲೆ ಬಾಚೋರಿಗೆ ಮಾತ್ರ ಗೊತ್ತು. ಅಂದರೆ ಗುಟ್ಟೇ ಅದರ ಬಂಡವಾಳ. ಲೋರಿಯಲ್ ಡೈಗೆ ಬೆಲೆ ಸ್ವಲ್ಪ ಜಾಸ್ತಿ. ಜಾಹೀರಾತು ಕಂಪನಿಯಲ್ಲಿ ಇಲಾನ್ ಸ್ಪೆಕ್ಟ್ ಅನ್ನೋ 23ರ ಹುಡುಗಿ ಕೆಲಸ ಮಾಡುತ್ತಿದ್ದಳು. ಜೊತೆಯಲ್ಲಿದ್ದ ಗಂಡಸರ ಯೋಚನೆಗಳೆಲ್ಲ, ಹೆಂಗಸೊಬ್ಬಳು ಗಂಡಿಗೆ ಚೆಂದ ಕಾಣಬೇಕು ಅನ್ನೋದರ ಸುತ್ತಲೇ ಸುತ್ತುತ್ತಿದ್ದವು. ಅವಳಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಕೂತು ಐದು ನಿಮಿಷದಲ್ಲಿ ಬರೆದಳಂತೆ. ಇದು ಅತಿ ದುಬಾರಿ ಡೈ, ಆದರೂ ತಗೊಳ್ಳುತ್ತೇನೆ, ಯಾಕಂದರೆ ನನಗೆ ಅಷ್ಟು ಬೆಲೆ ಇದೆ. ಇಡೀ ಕಂಪನಿ ಇಂದಿಗೂ ಬದುಕ್ತಿರೋದು ಆ ಕೊನೆಯ ಮಾತಿನ ಮೇಲೆ. ಸ್ಪೆಕ್ಟ್ 2024ರಲ್ಲಿ ತೀರಿಕೊಂಡಳು. ಶ್ಯುಲೇರ್ ಅಷ್ಟೆಲ್ಲ ಪುಸ್ತಕ ಬರೆದು, ಭಾಷಣ ಮಾಡಿ ಜನಕ್ಕೆ ಮುಟ್ಟಿಸಲಾಗದ್ದನ್ನ ಈ ಹುಡುಗಿ ಒಂದೇ ಸಾಲಿನಲ್ಲಿ ಮುಟ್ಟಿಸಿದಳು. ನನ್ನ ಕೇಳಿದರೆ ಆ ಕಂಪನಿಯ ಎರಡನೇ ಸ್ಥಾಪಕಿ ಆಕೆಯೇ.

ಈ ಮಾತನ್ನ ಟಿವಿಯಲ್ಲಿ ನಾವು ಹೆಚ್ಚು ಕೇಳಿದ್ದು ಐಶ್ವರ್ಯಾ ರೈ ಬಾಯಲ್ಲಿ. ಮಂಗಳೂರಿನಲ್ಲಿ ಹುಟ್ಟಿದ, ತುಳು ಮನೆಮಾತಿನ ಹುಡುಗಿ 2003ರಿಂದ ಲೋರಿಯಲ್‌ನ ಮುಖ. ಕಾನ್ ಚಿತ್ರೋತ್ಸವದ ಕೆಂಪು ಹಾಸಿನ ಮೇಲೆ ವರ್ಷವರ್ಷ ನಾವು ಅವರ ಉಡುಪು ನೋಡಿ ಹರಟುವ ಹಿಂದೆ ಇದೇ ಕಂಪನಿಯ ವ್ಯಾಪಾರ ಇದೆ. ಭಾರತಕ್ಕೆ ಲೋರಿಯಲ್ ಬಂದದ್ದು 1994ರಲ್ಲಿ. 2013ರಲ್ಲಿ ಮುಂಬೈ ಮತ್ತು ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರಗಳನ್ನ ತೆರೆಯಿತು. ಅಷ್ಟು ವರ್ಷ ಇಲ್ಲಿ ಬಿಳಿ ಮಾಡೋ ಕ್ರೀಮುಗಳನ್ನೂ ಮಾರಿತು. ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನೋ ಕಪ್ಪು ಮನುಷ್ಯ ಪೊಲೀಸರ ಕೈಯಲ್ಲಿ ಸತ್ತ ನಂತರ ಗಲಾಟೆ ಎದ್ದಾಗ, 2020ರ ಜೂನ್‌ನಲ್ಲಿ, ಡಬ್ಬಗಳ ಮೇಲಿಂದ 'ವೈಟನಿಂಗ್', 'ಫೇರ್‌ನೆಸ್' ಅನ್ನೋ ಪದಗಳನ್ನ ತೆಗೆಯುತ್ತೇವೆ ಅಂತ ಹೇಳಿತು. ಕಪ್ಪಗಿದ್ದೀಯ ಅಂತ ಕೇಳಿಸಿಕೊಂಡು ಬೆಳೆದ ನಮ್ಮಂಥವರಿಗೆ ಆ ಪ್ರಕಟಣೆ ಓದಿ ಸಂತೋಷ ಪಡಬೇಕೋ, ಲೇಬಲ್ ಬದಲಾದರೆ ಏನು ಬದಲಾಯಿತು ಅಂತ ಕೇಳಬೇಕೋ ಗೊತ್ತಾಗಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಇವರ ಲ್ಯಾಬನ್ನ ಮೆಚ್ಚಲೇಬೇಕು. 1989ರಲ್ಲೇ ತಯಾರಾದ ವಸ್ತುಗಳನ್ನ ಪ್ರಾಣಿಗಳ ಮೇಲೆ ಪರೀಕ್ಷಿಸೋದನ್ನ ನಿಲ್ಲಿಸಿದರು. ಬದಲಿಗೆ ಚರ್ಮವನ್ನೇ ಬೆಳೆಸೋಕೆ ಹೊರಟರು. ಆಪರೇಷನ್ ಮಾಡಿಸಿಕೊಂಡವರ ಒಪ್ಪಿಗೆ ಪಡೆದು, ತೆಗೆದು ಬಿಸಾಡೋ ಚರ್ಮದಿಂದ ಜೀವಕೋಶ ಬಿಡಿಸಿ, ಪುಟ್ಟ ತಟ್ಟೆಗಳಲ್ಲಿ ಹೊರಚರ್ಮದ ಪದರ ಬೆಳೆಸುತ್ತಾರೆ. ಲಿಯೋಂ ನಗರದ ಲ್ಯಾಬಿನಲ್ಲಿ ಅದಕ್ಕೆ ಎಪಿಸ್ಕಿನ್ ಅಂತ ಹೆಸರು. ಕ್ರೀಮೋ ಡೈಯೋ ಅದರ ಮೇಲೆ ಹಾಕಿ, ಎಷ್ಟು ಕೋಶ ಉಳಿಯಿತು ಅಂತ ಅಳೆಯುತ್ತಾರೆ.

ಇನ್ನು ಲಿಲಿಯಾನ್ ಕಥೆ. ಜಗತ್ತಿನ ಅತಿ ಶ್ರೀಮಂತ ಮಹಿಳೆ, ವಯಸ್ಸು 80 ದಾಟಿತ್ತು, ಕಿವಿ ಮಂದ. ಫ್ರಾನ್ಸ್ವಾ-ಮಾರಿ ಬನಿಯೇ ಅನ್ನೋ ಫೋಟೋಗ್ರಾಫರ್ ಜೊತೆ ಸ್ನೇಹ. ಅವನಿಗೆ ಚಿತ್ರಗಳು, ವಿಮೆ, ನಗದು ಅಂತ ಕೊಟ್ಟದ್ದರ ಮೊತ್ತ ನೂರು ಕೋಟಿ ಯೂರೋ ಹತ್ತಿರ ಅಂತ ಆರೋಪ. 2007ರ ಡಿಸೆಂಬರಿನಲ್ಲಿ ಮಗಳು ಫ್ರಾನ್ಸ್ವಾಸ್ ದೂರು ಕೊಟ್ಟಳು: ನಮ್ಮಮ್ಮನ ಮುಪ್ಪನ್ನ ದುರುಪಯೋಗ ಮಾಡಿಕೊಳ್ಳುತ್ತಿದ್ದಾನೆ ಅಂತ. ಅಮ್ಮ ಸಿಟ್ಟಾದಳು. ನನ್ನ ದುಡ್ಡು, ನನ್ನಿಷ್ಟ ಅಂದಳು. ಅಷ್ಟರಲ್ಲಿ ಮನೆಯ ಬಟ್ಲರ್ ಕೋಣೆಯಲ್ಲಿ ಗುಟ್ಟಾಗಿ ರೆಕಾರ್ಡರ್ ಇಟ್ಟ. 2009ರಿಂದ ಒಂದು ವರ್ಷ ಮುದುಕಿಯ ಮಾತುಕತೆ ಎಲ್ಲ ಟೇಪಾಯಿತು. 2010ರ ಜೂನ್‌ನಲ್ಲಿ ಅದು ಪತ್ರಿಕೆಗಳಿಗೆ ಬಂತು. ಸ್ವಿಸ್ ಬ್ಯಾಂಕ್ ಖಾತೆ, ಸೆಶೆಲ್ಸ್‌ನ ಒಂದು ದ್ವೀಪ, ಮಂತ್ರಿಯ ಹೆಂಡತಿಗೆ ಕೊಟ್ಟ ಕೆಲಸ, ಎಲ್ಲ ಹೊರಬಿತ್ತು. ಮಂತ್ರಿ ಎರಿಕ್ ವೊರ್ಥ್ ಕೋರ್ಟಿಗೆ ಹೋಗಿ ಕೊನೆಗೆ ಖುಲಾಸೆಯಾದ. ಆಗ ಅಧ್ಯಕ್ಷನಾಗಿದ್ದ ಸರ್ಕೋಜಿಯ ಮೇಲೂ ತನಿಖೆ ನಡೆಯಿತು, ಕೊನೆಗೆ ಕೈಬಿಟ್ಟರು. ಬನಿಯೇಗೆ ಶಿಕ್ಷೆಯಾಯಿತು, ಮೇಲ್ಮನವಿಯಲ್ಲಿ ಜೈಲು ತಪ್ಪಿತು.

ಈ ಗಲಾಟೆಯಲ್ಲಿ ನನಗೆ ಯಾರ ಪರ ನಿಲ್ಲಬೇಕು ಅಂತ ತಿಳಿಯಲಿಲ್ಲ. ಐದು ವರ್ಷಕ್ಕೆ ತಾಯಿ ಕಳೆದುಕೊಂಡವಳು, ಜೀವನ ಪೂರ್ತಿ ಅಪ್ಪನ ಕಂಪನಿಯ ನೆರಳಲ್ಲಿ ಕಳೆದವಳು. ತಮಾಷೆಯಾಗಿ ಮಾತಾಡೋ ಒಬ್ಬ ಮನುಷ್ಯ ಸಿಕ್ಕಾಗ ಅವಳಿಗೆ ಆ ಸಂಗದ ಬೆಲೆ ಜಾಸ್ತಿ ಅನಿಸಿರಬಹುದು. ಆದರೆ ಮರೆವಿನ ಕಾಯಿಲೆ ಇರೋ ಹೆಂಗಸು ಸಹಿ ಹಾಕಿದ ಕಾಗದಕ್ಕೆ ಏನರ್ಥ? 2011ರಲ್ಲಿ ಕೋರ್ಟು ಅವಳನ್ನ ಕುಟುಂಬದ ಪೋಷಣೆಗೆ ಒಪ್ಪಿಸಿತು. 2017ರ ಸೆಪ್ಟೆಂಬರಿನಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡಳು.

ಆಸ್ತಿ ಬಂದದ್ದು ಒಬ್ಬಳೇ ಮಗಳಿಗೆ. ಫ್ರಾನ್ಸ್ವಾಸ್ ಪಾರ್ಟಿಗಳಿಗೆ ಹೋಗೋ ಹೆಂಗಸಲ್ಲ. ದಿನಾ ಗಂಟೆಗಟ್ಟಲೆ ಪಿಯಾನೋ ನುಡಿಸುತ್ತಾಳೆ, ಬೈಬಲ್ ಬಗ್ಗೆ, ಯಹೂದಿ-ಕ್ರೈಸ್ತ ಸಂಬಂಧದ ಬಗ್ಗೆ ಬರೆಯುತ್ತಾಳೆ. 2019ರಲ್ಲಿ ನೋತ್ರ್ ದಾಮ್ ಚರ್ಚು ಸುಟ್ಟಾಗ ಕುಟುಂಬ ಮತ್ತು ಕಂಪನಿ ಸೇರಿ 20 ಕೋಟಿ ಯೂರೋ ಕೊಟ್ಟವು. 2023ರ ಕೊನೆಗೆ ಹತ್ತು ಸಾವಿರ ಕೋಟಿ ಡಾಲರ್ ಆಸ್ತಿ ದಾಟಿದ ಮೊದಲ ಮಹಿಳೆ ಅಂತ ಸುದ್ದಿಯಾದಳು. ಕುಟುಂಬದ ಪಾಲು ಈಗಲೂ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ನೆಸ್ಲೆಯದು ಐದನೇ ಒಂದು ಭಾಗದಷ್ಟು.

1984ರಲ್ಲಿ ಆಕೆ ಮದುವೆಯಾದದ್ದು ಝಾಂ-ಪಿಯೇರ್ ಮೆಯೆರ್ಸ್ ಅನ್ನೋರನ್ನ. ಅವರ ತಾತ ರಾಬರ್ಟ್ ಮೆಯೆರ್ಸ್ ಒಬ್ಬ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಸತ್ತದ್ದು ನಾಜಿಗಳ ಆಶ್ವಿಟ್ಜ್ ಶಿಬಿರದಲ್ಲಿ. ಹುಟ್ಟಿದ ಇಬ್ಬರು ಗಂಡುಮಕ್ಕಳನ್ನ ಯಹೂದಿ ಧರ್ಮದಲ್ಲೇ ಬೆಳೆಸಿದರು. ದೊಡ್ಡವನು ಝಾಂ-ವಿಕ್ಟರ್ 2012ರಲ್ಲಿ ಅಜ್ಜಿಯ ಜಾಗದಲ್ಲಿ ಲೋರಿಯಲ್ ಮಂಡಳಿ ಸೇರಿದ. ಚಿಕ್ಕವನು ನಿಕೊಲಾ 2020ರಲ್ಲಿ ಬಂದ. 2025ರಲ್ಲಿ ತಾಯಿ ಮಂಡಳಿಯಿಂದ ಇಳಿದಾಗ ಉಪಾಧ್ಯಕ್ಷನ ಕುರ್ಚಿಗೆ ಝಾಂ-ವಿಕ್ಟರ್ ಬಂದ. ಅಪ್ಪನ ಕಡೆಯಿಂದ ಆ ರಬ್ಬಿಯ ಮರಿಮಗ, ಅಮ್ಮನ ಕಡೆಯಿಂದ ಯೂಜೀನ್ ಶ್ಯುಲೇರ್‌ನ ಮರಿಮಗ.